ಮೆತ್ತನೆಯ ಹಾರ್ನ್

ಕಾರು ಕಂಪನಿಯ ಪತ್ರ ಬಂದಾಗ ಟೈಲರ್ ನಿವೃತ್ತ ಮೇಷ್ಟ್ರ ಪ್ಯಾಂಟಿನ ಸೊಂಟ ಸಡಿಲಿಸುತ್ತಿದ್ದ. ಕೊನೆಯ ಹೊಲಿಗೆ ಮುಗಿಸಿ, ಎಂದಿನಂತೆ ಒಳಮಡಿಕೆಯಲ್ಲಿ ನೀಲಿ ದಾರದಿಂದ ಒಂದು ಪುಟ್ಟ ಕತ್ತರಿ ಗುರುತು ಹಾಕಿದ.

"ಕಂದು ಪ್ಯಾಂಟಿಗೆ ನೀಲಿ ದಾರ ಯಾಕಯ್ಯಾ?"

"ನನ್ನ ಕೈಕೆಲಸ ಅಂತ ಗೊತ್ತಾಗ್ಬೇಕಲ್ಲ ಮೇಷ್ಟ್ರೇ. ಇಪ್ಪತ್ತು ವರ್ಷ ಬಿಟ್ಟು ತನ್ನಿ. ಬಟ್ಟೆ ಹರಿದಿರುತ್ತೆ, ಹೊಲಿಗೆ ಬಿಟ್ಟಿರಲ್ಲ."

ಮೇಷ್ಟ್ರು ಆಚೀಚೆ ನೋಡಿ ದನಿ ತಗ್ಗಿಸಿದರು. "ಒಳಗಡೆ ಒಂದು ಗುಟ್ಟಿನ ಜೇಬು ಇಡು. ನಮ್ಮನೆಯವಳಿಗೆ ಗೊತ್ತಾಗ್ಬಾರ್ದು."

"ಉದ್ದ ಎಷ್ಟು, ಅಗಲ ಎಷ್ಟು?"

"ಯಾತಕ್ಕೆ ಅಂತ ಕೇಳಲ್ವಾ?"

"ಅಳತೆ ಕೇಳೋದು ನನ್ನ ಕೆಲಸ. ಯಾತಕ್ಕೆ ಅನ್ನೋದು ನಿಮ್ಮ ಕೆಲಸ."

ಇದನ್ನು ಅವನು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದ. ಹೇಳುವಾಗ ಎದೆ ತುಸು ಮುಂದೆ ಬರುತ್ತಿತ್ತು.

ಪತ್ರವನ್ನು ಮೇಷ್ಟ್ರೇ ಒಡೆದು, ತರಗತಿಗೆ ಓದುವಂತೆ ಓದಿದರು. "ತಮ್ಮ ಕಾರಿನ ಸ್ಟೀರಿಂಗ್ ಒಳಗಿರುವ ಏರ್‌ಬ್ಯಾಗ್ ಹಳೆಯದಾಗಿದ್ದು, ಉಬ್ಬುವಾಗ ಸಿಡಿದು ಲೋಹದ ಚೂರುಗಳು ಚಾಲಕರ ಮುಖ, ಕುತ್ತಿಗೆ ಮತ್ತು ಎದೆಗೆ ನಾಟುವ ಸಂಭವವಿದೆ. ಕೂಡಲೇ ಬಂದು ಉಚಿತವಾಗಿ ಬದಲಾಯಿಸಿಕೊಳ್ಳಿ." ಓದಿದ್ದು ಸಾಲದೆಂದು, ಸೀಮೆಸುಣ್ಣದಿಂದ ಟೈಲರನ ಮುಖ, ಕುತ್ತಿಗೆ, ಎದೆಯನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು.

"ಅದು ಜೀವ ಉಳಿಸೋ ಚೀಲ ಅಂದ್ರಲ್ಲ ಮೇಷ್ಟ್ರೇ!"

"ಉಳಿಸುತ್ತೆ. ಇಲ್ಲಾಂದ್ರೆ ತೆಗೆಯುತ್ತೆ."

ಟೈಲರನ ಕಣ್ಣು ಅಂಗಡಿಯ ಮುಂದೆ ನಿಂತಿದ್ದ ದೊಡ್ಡ ಕರಿ ಕಾರಿನ ಮೇಲೆ ಹೋಯಿತು. ಹದಿನಾರು ವರ್ಷದ ಐಷಾರಾಮಿ ಗಾಡಿ, ಅವನ ಕೈಗೆ ಬಂದು ಮೂರು ತಿಂಗಳು. ಎದುರಿನ ಗ್ಯಾರೇಜಿನ ಮೆಕ್ಯಾನಿಕ್, ಇವನ ಹಳೆಯ ಸ್ನೇಹಿತ, "ಡಾಕ್ಟರು ಓಡಿಸಿದ ಗಾಡಿ ಕಣೋ, ಬಿಟ್ಟರೆ ಸಿಗಲ್ಲ" ಎಂದು ಕೊಡಿಸಿದ್ದ. ರಾತ್ರಿ ಎದ್ದು ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಹಿಂಭಾಗ ಕುಸಿದು, ಮುದಿ ಎಮ್ಮೆಯಂತೆ ಹಿಂಗಾಲು ಮಡಚಿ ಕೂತಿರುತ್ತಿತ್ತು. ಎಡಕ್ಕೆ ತಿರುಗುವ ದೀಪ ಹಾಕಿದರೆ ಗಾಜಿನ ವೈಪರ್ ಆಡುತ್ತಿತ್ತು. ಚಾಲಕನ ಕಡೆಯ ಕಿಟಕಿ ಒಮ್ಮೆ ಇಳಿದದ್ದು ಮತ್ತೆ ಏರಿರಲಿಲ್ಲ. ಅವನಿಗೆ ಮನಸಾರೆ ಹಿಡಿಸಿದ್ದು ಹಾರ್ನ್ ಒಂದೇ. ಒತ್ತಿದರೆ ಕೆನ್ನೆ ಒತ್ತಿದಷ್ಟು ಮೆತ್ತಗೆ. "ದೊಡ್ಡವರ ಗಾಡಿ ನೋಡಿ, ಬೈಯೋದೂ ಮೆತ್ತಗೆ" ಎಂದು ಕಂಡವರಿಗೆಲ್ಲ ಒತ್ತಿಸಿ ತೋರಿಸಿದ್ದ.

ಐದು ದಿನದ ಹಿಂದೆ ಹೆರಿಗೆ ನೋವಿನ ಮಗಳನ್ನು ಅದರಲ್ಲೇ ಆಸ್ಪತ್ರೆಗೆ ಕರೆದೊಯ್ದಿದ್ದ. ಅಲ್ಲಿ ಹಿಂದಿನ ಬಾಗಿಲು ತೆರೆಯಲಿಲ್ಲ. ತುಂಬು ಬಸುರಿ ಮುಂದಿನ ಸೀಟಿನ ಮೇಲೆ ಹತ್ತಿ ಇಳಿಯಬೇಕಾಯಿತು. "ಇನ್ನೊಂದ್ಸಲ ಈ ಗಾಡಿ ಹತ್ತಲ್ಲ ಅಪ್ಪಾ" ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ್ದಳು. "ಎಲ್ಲ ಸರಿ ಮಾಡಿಸ್ತೀನಿ. ಮಗುನೂ ನಿನ್ನೂ ಇದರಲ್ಲೇ ಮನೆಗೆ ಕರ್ಕೊಂಡು ಹೋಗ್ತೀನಿ" ಎಂದು ಇವನು ಮಾತು ಕೊಟ್ಟಿದ್ದ. ಬಾಗಿಲು ಸರಿಯಾಗಿತ್ತು. ಅವಳನ್ನು ಆಸ್ಪತ್ರೆಯಿಂದ ಬಿಡುವುದು ಇವತ್ತು ನಾಲ್ಕು ಗಂಟೆಗೆ.

"ಅಷ್ಟರೊಳಗೆ ಚೀಲ ಬದಲಾಯಿಸಲೇಬೇಕು" ಎಂದ.

ಮೆಕ್ಯಾನಿಕ್ ಗ್ರೀಸಿನ ಕೈ ಒರೆಸುತ್ತ ಓಡಿ ಬಂದ. "ಅಲ್ಲಿಗೆಲ್ಲ ಯಾಕೆ ಹೋಗ್ತೀಯ? ಅವರು ಒಂದು ಬಿಚ್ಚಿ ಹತ್ತು ಕೆಡಿಸ್ತಾರೆ. ಏನೂ ಆಗಲ್ಲ, ನನ್ನ ಮಾತು ನಂಬು."

"ನಿನ್ನ ಮಾತು ನಂಬಿಯೇ ಅಲ್ವೇನಪ್ಪ ಇದನ್ನ ತಗೊಂಡಿದ್ದು!" ಎಂದಳು ಟೈಲರನ ಹೆಂಡತಿ. ಅವಳು ಒಂದು ದಿಂಬನ್ನು ತಂದು ಗಂಡನ ಎದೆಗೆ ಸೀರೆಯಿಂದ ಬಿಗಿದು ಕಟ್ಟಿದಳು. ಮೇಷ್ಟ್ರು ಮನೆಗೆ ಹೋಗಿ ತಮ್ಮ ಸ್ಕೂಟರಿನ ಹೆಲ್ಮೆಟ್ ತಂದು ತೊಡಿಸಿದರು. "ಮುಖ, ಕುತ್ತಿಗೆ, ಎದೆ. ಕುತ್ತಿಗೆ ಒಂದು ಉಳೀತು" ಎಂದು ಟವೆಲ್ಲನ್ನೂ ಸುತ್ತಿದರು.

ಮೆಕ್ಯಾನಿಕ್ ಪಕ್ಕದ ಸೀಟಿನಲ್ಲಿ ಕೂತ. ದಿಂಬಿಲ್ಲ, ಹೆಲ್ಮೆಟ್ ಇಲ್ಲ. ದಾರಿಯುದ್ದಕ್ಕೂ "ವಾಪಸ್ ಹೋಗೋಣ ಬಾ" ಎನ್ನುತ್ತ, ಸ್ಟೀರಿಂಗ್ ಕಡೆಗೇ ವಾಲಿಕೊಂಡು ಮಾತಾಡಿದ. ಟೈಲರ್ ಹೆಲ್ಮೆಟ್ಟಿನೊಳಗಿಂದಲೇ ಅವನತ್ತ ನೋಡಿದ. ಎಂಥ ಸ್ನೇಹಿತ! ಸತ್ತರೆ ಜೊತೆಗೇ ಸಾಯೋಣ ಅಂತ ಬಂದಿದ್ದಾನೆ.

ಹಾರ್ನ್ ಇದ್ದದ್ದು ಆ ಚೀಲದ ನೆತ್ತಿಯ ಮೇಲೆಯೇ. ಒತ್ತುವ ಧೈರ್ಯವಿಲ್ಲದ ಟೈಲರ್, ಮುಚ್ಚದ ಕಿಟಕಿಯಿಂದ ಹೆಲ್ಮೆಟ್ ಹೊರಹಾಕಿ "ಸರೀರೀ! ಅಮ್ಮಾ, ಪಕ್ಕಕ್ಕೆ!" ಎಂದು ಕೂಗುತ್ತ ಹೋದ. ಅಷ್ಟು ಉದ್ದದ ಕಾರು ತರಕಾರಿ ಗಾಡಿಯಂತೆ ಕೂಗುವುದನ್ನು ನೋಡಲು ಜನ ಸರಿಯುವ ಬದಲು ನಿಂತರು.

ನಾಲ್ಕು ರಸ್ತೆ ಕೂಡುವಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ. ಎಡಕ್ಕೆ ನಿಲ್ಲಿಸಲು ಹೋದಾಗ ವೈಪರ್ ಅವನಿಗೆ ಟಾಟಾ ಮಾಡಿತು.

"ಏನ್ರೀ ಇದು ವೇಷ?"

"ಜೀವಭಯ ಸಾರ್."

"ಹೆಲ್ಮೆಟ್ ಹಾಕದೆ ಸ್ಕೂಟರ್ ಓಡಿಸೋರನ್ನ ದಿನಾ ಹಿಡೀತೀನಿ. ಹಾಕ್ಕೊಂಡು ಕಾರ್ ಓಡಿಸೋರ ಮೇಲೆ ಯಾವ ಕೇಸ್ ಹಾಕ್ಲಿ?" ಎಂದು ಕೈ ಬೀಸಿ ಬಿಟ್ಟುಕಳಿಸಿದ.

ಕಂಪನಿಯ ಸರ್ವಿಸ್ ಸೆಂಟರ್ ತಲುಪಿದಾಗ ಎರಡು ಗಂಟೆ. ಬಿಳಿ ಅಂಗಿಯ ಹುಡುಗಿ ಕಾರಿನ ನಂಬರ್ ಬರೆದುಕೊಂಡು, ಉಪಕರಣ ಹಿಡಿದು ಒಳಗೆ ಕೂತಳು. ಮೊದಲು ಸ್ಟೀರಿಂಗ್ ಹಿಂದಿನ ಫಲಕದಿಂದ ಒಂದು ಚೂರು ಕರಿ ಟೇಪ್ ಕಿತ್ತಳು. ಅದರ ಕೆಳಗೆ ಎಚ್ಚರಿಕೆಯ ಕೆಂಪು ದೀಪವೊಂದು ಉರಿಯುತ್ತಿತ್ತು. ಆಮೇಲೆ ಹಾರ್ನಿನ ಮುಚ್ಚಳ ಬಿಚ್ಚಿದಳು. ಟೈಲರ್ ಕಂಬದ ಹಿಂದೆ ಹೋಗಿ ಕಿವಿ ಮುಚ್ಚಿಕೊಂಡ.

"ನಾನೊಂದು ಟೀ ಕುಡಿದು ಬರ್ತೀನಿ" ಎಂದು ಮೆಕ್ಯಾನಿಕ್ ಹೊರಟ.

"ಸಾರ್, ಬನ್ನಿ ಇಲ್ಲಿ. ಇದೇನು?"

ಅವಳ ಅಂಗೈ ಮೇಲೆ ಗೆರೆ ಬಟ್ಟೆಯ ಒಂದು ದುಂಡನೆಯ ದಿಂಬು ಇತ್ತು. ಒಂದು ಗೇಣು ಅಗಲ, ಗಟ್ಟಿಯಾಗಿ ತುಂಬಿದ್ದು. ಬಟ್ಟೆ ಮಾಸಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅಂಚಿನಲ್ಲಿ ನೀಲಿ ದಾರದ ಪುಟ್ಟ ಕತ್ತರಿ ಗುರುತು.

"ಏರ್‌ಬ್ಯಾಗ್ ಇಲ್ಲವೇ ಇಲ್ಲ ಸಾರ್. ಯಾವಾಗಲೋ ಒಡೆದಿದೆ. ಮುಚ್ಚಳ ಕುಸೀಬಾರದು ಅಂತ ಯಾರೋ ಇದನ್ನ ತುರುಕಿದ್ದಾರೆ."

"ಹೊಸದು ಹಾಕಿಕೊಡಿ ತಾಯಿ."

"ಹಳೇದು ತೆಗೆದು ಹೊಸದು ಹಾಕೋದು ಉಚಿತ. ನಿಮ್ಮಲ್ಲಿ ಹಳೇದೇ ಇಲ್ವಲ್ಲ." ಅವಳು ಚೀಟಿಯೊಂದಕ್ಕೆ ಮುದ್ರೆ ಒತ್ತಿ ಕೊಟ್ಟಳು. ಅದರಲ್ಲಿ 'ಸಿಡಿಯುವ ಅಪಾಯವಿಲ್ಲ' ಎಂದಿತ್ತು.

ಟೈಲರ್ ಹೆಲ್ಮೆಟ್ಟು, ಎದೆಯ ದಿಂಬು ಕಳಚಿಟ್ಟು, ಆ ದುಂಡು ದಿಂಬು ಹಿಡಿದು ಟೀ ಅಂಗಡಿಗೆ ಹೋದ. ಮೆಕ್ಯಾನಿಕ್ ಲೋಟದಿಂದ ತಲೆ ಎತ್ತಲಿಲ್ಲ.

"ಎಂಟು ವರ್ಷ ಆಯ್ತು. ಡಾಕ್ಟರು ಮರಕ್ಕೆ ಗುದ್ದಿದ್ರು. ಚೀಲ ಉಬ್ಬಿ ಅವರು ಉಳಿದ್ರು. ಹೊಸದು ಬೇಡ, ಹೇಗಾದ್ರೂ ಮಾರ್ಸು ಅಂದ್ರು. ದುಂಡಗೊಂದು ದಿಂಬು ಹೊಲಿದುಕೊಡು ಅಂತ ನಿನ್ನ ಹತ್ರ ಬಂದಿದ್ದೆ."

"ನನಗೇ ಕೊಡಿಸಿದೆಯಲ್ಲೋ ಆ ಗಾಡಿನ!"

"ಕೈಯಿಂದ ಕೈಗೆ ಹೋಗಿ ತಿರುಗಿ ಬಂತು. ಅಲ್ಲೀತನಕ ಯಾರಿಗೂ ಏನೂ ಆಗಿರ್ಲಿಲ್ಲ. ನಿನಗೂ ಆಗಲ್ಲ ಅಂದ್ಕೊಂಡೆ." ಅವನು ಟೀ ಮುಗಿಸಿದ. "ಯಾತಕ್ಕೆ ಅಂತ ನೀನು ಆವತ್ತು ಕೇಳಿದ್ರೆ ಹೇಳ್ತಿದ್ದೆ ಕಣೋ. ಎಷ್ಟು ಅಗಲ ಅಂತ ಮಾತ್ರ ಕೇಳ್ದೆ."

ಟೈಲರ್ ದಿಂಬಿನ ಹೊಲಿಗೆಯನ್ನು ಉಗುರಿನಿಂದ ಕೆರೆದ. ಅದೇ ಗಾಡಿಯನ್ನು ಓಡಿಸಿದ ಇನ್ನುಳಿದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅವರೆಲ್ಲರ ಎದೆಗೂ ಸ್ಟೀರಿಂಗಿಗೂ ನಡುವೆ ಇದ್ದದ್ದು ಅವನ ಹೊಲಿಗೆ. ಅವತ್ತು ಮೆಕ್ಯಾನಿಕ್ "ಎಷ್ಟು ಚೆನ್ನಾಗಿ ಹೊಲಿದಿದೀಯ" ಅಂದಿದ್ದು ನೆನಪಿತ್ತು. ತಾನು ಹಿಗ್ಗಿದ್ದೂ ನೆನಪಿತ್ತು.

ದಿಂಬನ್ನು ಮತ್ತೆ ಒಳಗಿಡಲು ಅವನು ಒಪ್ಪಲಿಲ್ಲ. ದಿಂಬಿಲ್ಲದ ಮುಚ್ಚಳ ಒಳಕ್ಕೆ ಕುಸಿದು, ಹಾರ್ನ್ ಒತ್ತಿದಂತೆಯೇ ನಿಂತಿತು. ಮೂರು ತಿಂಗಳು ಮೆತ್ತಗೆ ಬೈದಿದ್ದ ಕಾರು ಈಗ ಊರಿಡೀ ಕೇಳುವಂತೆ ಒಂದೇ ಉಸಿರಿನಲ್ಲಿ ಬೈಯುತ್ತ ಆಸ್ಪತ್ರೆ ತಲುಪಿತು. 'ಸದ್ದು ಮಾಡಬೇಡಿ' ಎಂಬ ಫಲಕದ ಕೆಳಗೆ ನಿಂತಾಗ ಕಾವಲುಗಾರ ಬೆತ್ತ ಹಿಡಿದು ಓಡಿ ಬಂದ. ಕೀಲಿ ಅವನ ಕೈಗೆ ಕೊಟ್ಟು, "ಏನಾದ್ರೂ ಮಾಡಿಕೊಳ್ಳಪ್ಪ" ಎಂದು ಟೈಲರ್ ಮೆಟ್ಟಿಲು ಹತ್ತಿದ.

ಮಗಳು ಬಟ್ಟೆಬರೆ ಕಟ್ಟಿಕೊಂಡು ತಯಾರಾಗಿದ್ದಳು. "ನೀನು ಬರೋದು ಮೂರನೇ ಮಹಡಿಗೇ ಕೇಳಿಸ್ತು. ಮಗು ಎದ್ದುಬಿಡ್ತು. ಎಲ್ಲ ಸರಿ ಮಾಡಿಸ್ದೆ ತಾನೇ?"

"ಇಲ್ಲಮ್ಮಾ. ಬಾಡಿಗೆ ಗಾಡಿಗೆ ಹೇಳಿದ್ದೀನಿ."

"ಅಂದ್ಕೊಂಡಿದ್ದೆ" ಎಂದಳು. ಸಿಟ್ಟೂ ಇರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಆಮೇಲೆ ಅವಳ ಕಣ್ಣು ಅವನ ಕೈಗೆ ಹೋಯಿತು. ದಿಂಬನ್ನು ತೆಗೆದುಕೊಂಡು ತಿರುಗಿಸಿ ನೋಡಿ, ನೀಲಿ ಗುರುತನ್ನು ಹೆಬ್ಬೆರಳಿನಿಂದ ಸವರಿದಳು.

"ನಿನ್ನ ಹೊಲಿಗೆ! ಇಷ್ಟು ಹಳೇದಾದ್ರೂ ಒಂದು ಎಳೆ ಬಿಟ್ಟಿಲ್ಲ. ಯಾತಕ್ಕೆ ಹೊಲಿದಿದ್ದಪ್ಪಾ ಇದು?"

ಟೈಲರ್ ಮೊಮ್ಮಗುವಿನ ಕಡೆ ನೋಡಿದ.

"ಕೇಳಿರ್ಲಿಲ್ಲಮ್ಮಾ" ಎಂದ.