ಮಾವನವರನ್ನು ನಗಿಸಲು ಹೂಡಿದ ಯುದ್ಧ

ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ಹೆಂಡತಿ ರೂಪಾಳದ್ದು.

ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ಮೈಸೂರಿನಿಂದ ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಮನೆಗೆ ಕರೆತಂದಿದ್ದೆವು. ಅವರು ದಿನವಿಡೀ ಟಿವಿಯಲ್ಲಿ ಯುದ್ಧದ ಸಿನಿಮಾ ನೋಡುತ್ತಿದ್ದರು. ಸೇತುವೆ ಸಿಡಿದರೂ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ.

"ಅಪ್ಪ ನಗೋದನ್ನೇ ಮರೆತುಬಿಟ್ರು ಕಣ್ರೀ," ಎಂದು ರೂಪಾ ಅಡುಗೆಮನೆಯಲ್ಲಿ ಅತ್ತಳು. ನನಗೂ ಸಂಕಟವಾಯಿತು. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ಜಾಣರ ಲಕ್ಷಣ. ನಾನು ಚಿತ್ರಕಥೆ ಬರೆದೆ.

ಯುದ್ಧದ ಸಿನಿಮಾದಲ್ಲೊಂದು ನಗೆಯ ದೃಶ್ಯ! ಕಂದಕದಲ್ಲಿ ನಮ್ಮ ಸೈನಿಕ ಊಟಕ್ಕೆ ಕುಳಿತಿದ್ದಾನೆ. ಶತ್ರು ಬಂದೂಕು ಹಿಡಿದು ಒಳಗೆ ಧುಮುಕುತ್ತಾನೆ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ನಮ್ಮವನು ಎಲೆ ಹಾಕಿ ಬಡಿಸುತ್ತಾನೆ. ಶತ್ರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೂ ಬಿಡದೆ, ಬೆರಳ ಸಂದಿಯಲ್ಲೇ ಚಿತ್ರಾನ್ನ ಸುರಿಯುತ್ತಾನೆ. ಮುಂದಿನ ದೃಶ್ಯದಲ್ಲಿ ಶತ್ರುವು, ತಿಂದ ಉಪ್ಪಿನ ಋಣಕ್ಕಾಗಿ, ನಮ್ಮವನತ್ತ ಬಂದ ಗುಂಡಿಗೆ ತಾನೇ ಎದೆಯೊಡ್ಡಿ ಸಾಯುತ್ತಾನೆ. ಅದು ಅಳಿಸುವ ದೃಶ್ಯ.

ನಮ್ಮ ಟೌನ್‌ಹೌಸಿನ ಹಿತ್ತಲಲ್ಲಿ ಗುಂಡಿ ತೋಡಲು ಅನುಮತಿಯಿಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ಸೋನಾಮಸೂರಿ ಅಕ್ಕಿಚೀಲ ಪೇರಿಸಿ ಕಂದಕ ನಿರ್ಮಿಸಲಾಯಿತು. ಪಕ್ಕದ ಮನೆಯ ಇಮ್ರಾನ್ ಕೂಡ ಮೈಸೂರಿನವನೇ. ಮೊದಲೇ ಕರಾರು ಹಾಕಿದ: "ಶತ್ರು ರೋಲ್ ಮಾತ್ರ ನಾನ್ ಮಾಡಲ್ಲ ಗುರೂ." ಹೀಗೆ ಶತ್ರು ನಾನೇ ಆದೆ. ಫೋನಿನಲ್ಲಿ ಶೂಟ್ ಮಾಡುವುದು ರೂಪಾಳ ಪಾಲಿಗೆ ಬಂತು.

ಇಮ್ರಾನ್ ಪಾತ್ರದಲ್ಲಿ ಮುಳುಗಿಹೋದ. ಪ್ರತಿ ಟೇಕಿನಲ್ಲೂ ನಿಜವಾಗಿಯೇ ತಿನ್ನಿಸಿದ. ಸಾಯುವ ಹೊತ್ತಿಗೆ ನನಗೆ ಬಗ್ಗಲೂ ಆಗುತ್ತಿರಲಿಲ್ಲ. ಗುಂಡು ತಗಲಿದವನಂತೆ ಹಿಂದಕ್ಕೆ ವಾಲಿದೆ. ಕಂದಕವೂ ವಾಲಿತು! ಒಂದು ಚೀಲ ಒಡೆದು ಮೂಗು, ಬಾಯಿಗೆಲ್ಲ ಅಕ್ಕಿ ತುಂಬಿ, ಹೆಣ ಸೀನಿತು.

"ಅಲ್ಲೇ ಸತ್ತಿರಿ, ಪೊರಕೆ ತರ್ತೀನಿ," ಎಂದ ರೂಪಾಳ ದನಿಯೂ ವಿಡಿಯೊದಲ್ಲಿ ದಾಖಲಾಯಿತು. ಮತ್ತೆ ಸಾಯುವ ಶಕ್ತಿ ನನಗಿರಲಿಲ್ಲ. ಆ ಟೇಕನ್ನೇ ಉಳಿಸಿಕೊಂಡೆವು.

ಭಾನುವಾರ ಮಾವನವರನ್ನು ಕೂರಿಸಿ ಟಿವಿಗೆ ಹಾಕಿದೆ. "ಒಂದೇ ಒಂದು ತುತ್ತು, ನನ್ನಾಣೆ," ಎಂದು ತೆರೆಯ ಮೇಲೆ ಇಮ್ರಾನ್ ಬಡಿಸಿದ. ಮಾವನವರು ಕನ್ನಡಕ ತೆಗೆದರು. ಕಣ್ಣೀರು ಇಳಿಯುತ್ತಿತ್ತು.

"ನಮ್ಮವಳೂ ಹೀಗೇ," ಎಂದರು. "ಕೈ ಅಡ್ಡ ಹಿಡಿದ್ರೆ ಕೇಳ್ತಾನೇ ಇರಲಿಲ್ಲ."

ಆಗ ಹೊಳೆಯಿತು. ನನ್ನ ಕಲ್ಪನೆಯೆಂದು ಬೀಗಿದ್ದೆನಲ್ಲ, ಆ ಆಣೆ, ಆ ಬೆರಳ ಸಂದಿ, ಎಲ್ಲವೂ ಅತ್ತೆಯದೇ. ಮದುವೆಯಾದಾಗಿನಿಂದ ನನಗೆ ಹಾಗೇ ಬಡಿಸಿದ್ದರು. ಅವರ ನೆನಪು ನನಗೂ ಉಕ್ಕಿ ಬಂತು. ರೂಪಾ ನನ್ನನ್ನು ನೋಡಿದ ರೀತಿಗೆ ಯಾವ ಶತ್ರುವೂ ಶರಣಾಗುತ್ತಿದ್ದ. ನಿಲ್ಲಿಸೋಣವೆಂದರೆ ರಿಮೋಟ್ ಮಾವನವರ ಕೆಳಗೆ ಸಿಕ್ಕಿಕೊಂಡಿತ್ತು. ಕೈಹಾಕಿ ಎಳೆಯುವ ಧೈರ್ಯ ಯಾವ ಅಳಿಯನಿಗಿದೆ?

ಅಷ್ಟರಲ್ಲಿ ನಾನು ಸಾಯುವ ದೃಶ್ಯ ಬಂತು. ಮಾವನವರ ಹೆಗಲು ಕುಲುಕತೊಡಗಿತು. ಮುಗಿಯಿತು, ಬಿಕ್ಕುತ್ತಿದ್ದಾರೆ ಎಂದುಕೊಂಡೆ. ಬಗ್ಗಿ ನೋಡಿದರೆ ನಗುತ್ತಿದ್ದರು.

"ಅಳಿಯಂದ್ರೇ, ಆ ಊಟದ ಸೀನ್ ತೆಗೆದುಬಿಡಿ, ನೋಡಕ್ಕಾಗಲ್ಲ," ಎಂದು ಕಣ್ಣೊರೆಸಿಕೊಂಡರು. "ನೀವು ಸಾಯೋದನ್ನ ಮಾತ್ರ ಇನ್ನೊಂದ್ಸಲ ಹಾಕಿ."

ನಾನು ಏಳುವ ಮೊದಲೇ ರೂಪಾ ಹಾಕಿದಳು. ಅವತ್ತು ಕತ್ತಲಾಗುವವರೆಗೂ ನಾನು ಸಾಯುತ್ತಲೇ ಇದ್ದೆ.