ಗೇಣಿಗೊಂದು ಹೂಕೋಸು

ನಾನು ಪುಟ್ಟ ಹೂಕೋಸು ಬೆಳೆಯಲು ಶುರು ಮಾಡಿದಾಗಿನಿಂದ ವಾರಕ್ಕೊಂದಾದರೂ ತಮಾಷೆ ನಡೆಯದೆ ಇರುವುದಿಲ್ಲ. ನಡೆಯದಿದ್ದರೆ ನನಗೇ ಬೇಜಾರು.

ಸಖರಾಯಪಟ್ಟಣದ ಹತ್ತಿರ ನಮ್ಮ ತೆಂಗಿನ ತೋಟದ ಪಕ್ಕ ಹತ್ತು ಗುಂಟೆ ತರಕಾರಿ ಜಾಗವಿದೆ. ಮನೆಯಲ್ಲಿ ನಾನು, ನಮ್ಮೆಜಮಾನರು ಇಬ್ಬರೇ. ದೊಡ್ಡ ಹೂಕೋಸು ಕೊಯ್ದರೆ ಅರ್ಧ ಫ್ರಿಜ್ಜಿನಲ್ಲೇ ಕಪ್ಪಾಗುತ್ತಿತ್ತು. ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಚೆನ್ನಾಗಿ ಗೊಬ್ಬರ, ನೀರು ಕೊಟ್ಟರೆ ಗೆಡ್ಡೆ ಮುಷ್ಟಿಗಾತ್ರಕ್ಕೇ ಬಲಿಯುತ್ತದೆ ಅಂತ ಒಂದು ತರಬೇತಿಯಲ್ಲಿ ಕೇಳಿದೆ. ಬಂದವಳೇ ಗೇಣಿಗೊಂದು ಸಸಿ ನೆಟ್ಟುಬಿಟ್ಟೆ.

ಮಾವನ ಉಪಕಾರ

ಪಕ್ಕದ ತೋಟದವರನ್ನು ನಾನು ಮಾವ ಅಂತಲೇ ಕರೆಯೋದು. ನನ್ನ ಸಾಲುಗಳನ್ನು ನೋಡಿ ಅವರಿಗೆ ನಿದ್ದೆ ಬರಲಿಲ್ಲವಂತೆ. "ಏನವ್ವಾ, ಅವುಕ್ಕೆ ಉಸಿರಾಡಾಕೆ ಜಾಗ ಬ್ಯಾಡ್ವಾ?" ಅಂದರು. "ಇದು ಹಿಂಗೇ ಮಾವ" ಅಂದೆ.

ಮಾರನೇ ದಿನ ನಾನು ಕಡೂರಿಗೆ ಹೋಗಿ ಬರುವಷ್ಟರಲ್ಲಿ ಒಂದು ಬಿಟ್ಟು ಒಂದು ಸಸಿ ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಬದುವಿನ ಮೇಲೆ ಸಾಲಾಗಿ ಇಟ್ಟಿದ್ದರು. ನಗುನಗುತ್ತಾ, "ನಿನ್ ಕೆಲ್ಸ ಹಗುರ ಮಾಡ್ದೆ ಕಣವ್ವಾ" ಅಂದರು. ಬೈಯೋದಾದರೂ ಹೇಗೆ? ಕತ್ತಲಾಗುವವರೆಗೆ ಕೂತು ಎಲ್ಲವನ್ನೂ ಮತ್ತೆ ನೆಟ್ಟೆ. ಎರಡು ಸಸಿ ಮಾತ್ರ ಅವರು ತಗೊಂಡು ಹೋಗಿ, ತಮ್ಮ ಹಿತ್ತಲಲ್ಲಿ ಮಾರು ದೂರಕ್ಕೆ ನೆಟ್ಟರು.

ಎರಡೂ ಬಿಂದಿಗೆ ಗಾತ್ರ ಬಂದವು. ಊರಿಗೆಲ್ಲ ತೋರಿಸಿದರು. ಆಮೇಲೆ ನಾಲ್ಕನೇ ದಿನ ಬೇಲಿ ಹತ್ತಿರ ಬಂದು ಮೆತ್ತಗೆ ಅಂದರು: "ಅವ್ವಾ, ನಿನ್ನವು ಎರಡು ಕೊಡು. ನಮ್ದು ಪಲ್ಯ ತಿಂದೂ ತಿಂದೂ ನಿಮ್ಮತ್ತೆ ನನ್ನ ಜೊತೆ ಮಾತು ಬಿಟ್ಟವಳೆ."

ಸಂತೆಯ ಅಜ್ಜಿ

ಕಡೂರು ಸಂತೆಗೆ ಮೊದಲ ಬುಟ್ಟಿ ಒಯ್ದಾಗ ಒಬ್ಬ ಅಜ್ಜಿ ಒಂದು ಗೆಡ್ಡೆ ಎತ್ತಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಎಳೇದ್ನೇ ಕಿತ್ಕಂಡ್ ಬಂದಿದ್ದೀಯಲ್ಲೇ, ಕೈಯಾದ್ರೂ ಹೆಂಗ್ ಬಂತು ನಿಂಗೆ?"

"ಎಳೇದಲ್ಲಜ್ಜಿ, ಪೂರ್ತಿ ಬಲ್ತಿರೋದು. ಇದು ಬೆಳೆಯೋದೇ ಇಷ್ಟು."

ಅಜ್ಜಿ ಗೆಡ್ಡೆ ನೋಡಿದಳು. ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು. ನಾನು ನಾಲ್ಕೂಮುಕ್ಕಾಲು ಅಡಿ ಇದ್ದೀನಿ.

"ಹಂಗಾದ್ರೆ ನಿನ್ ಥರ ಅನ್ನು" ಅಂದು ಆರು ಗೆಡ್ಡೆ ಆರಿಸಿ ಸೆರಗಿಗೆ ಹಾಕಿಕೊಂಡಳು.

ಬಸ್ಸಿನಲ್ಲಿ ಫೋನು

ಕೆಮ್ಮಣ್ಣುಗುಂಡಿ ದಾರಿಯ ಒಂದು ಹೋಟೆಲಿನ ಅಡುಗೆಯವರು ನನ್ನ ಖಾಯಂ ಗಿರಾಕಿ. ಅವರು ಈ ಪುಟ್ಟ ಕೋಸುಗಳಿಗೆ "ಬೇಬಿ" ಅಂತ ಹೆಸರಿಟ್ಟಿದ್ದಾರೆ, ನನಗೂ ಅದೇ ಬಾಯಿಗೆ ಬಂದುಬಿಟ್ಟಿದೆ. ಒಂದು ದಿನ ಕಡೂರಿನಲ್ಲಿ ತರೀಕೆರೆ ಬಸ್ಸು ಹತ್ತಿ ಕೂತಿದ್ದೆ. ಪಕ್ಕದಲ್ಲಿ ಮಗು ಮಲಗಿಸಿಕೊಂಡ ಒಬ್ಬ ತಾಯಿ. ಅಡುಗೆಯವರ ಫೋನು ಬಂತು. ಗದ್ದಲದಲ್ಲಿ ಅವರಿಗೆ ಕೇಳಿಸಲಿ ಅಂತ ಕೂಗಿ ಹೇಳಿದೆ:

"ನಲವತ್ತು ಬೇಬಿ ತಾನೇ? ಬೆಳಿಗ್ಗೆ ಐದಕ್ಕೇ ಕುಯ್ದು, ತೊಳೆದು, ಚೀಲಕ್ಕೆ ತುಂಬಿ ಕಳಿಸ್ತೀನಿ. ಕತ್ತರಿಸೋಕೆ ಹೋಗ್ಬೇಡಿ, ಇಡಿಯಾಗೇ ಬೇಯಿಸಿ. ಹೂಂ, ಹೋದ್ ಸಲದವು ಸ್ವಲ್ಪ ಬಲ್ತಿದ್ವು, ಈ ಸಲ ಎಲ್ಲಾ ಮೆತ್ತಗಿವೆ."

ಫೋನಿಟ್ಟು ತಿರುಗಿದರೆ ಆ ತಾಯಿ ಮಗುವನ್ನು ಅವುಚಿಕೊಂಡು ಡ್ರೈವರ್ ಹಿಂದಿನ ಸೀಟಿನಲ್ಲಿದ್ದಳು. ಅವತ್ತು ತರೀಕೆರೆವರೆಗೂ ಮೂವರ ಸೀಟಿನಲ್ಲಿ ನಾನೊಬ್ಬಳೇ.

ತರೀಕೆರೆಯ ಪ್ರದರ್ಶನ

ತರೀಕೆರೆಯಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಕರೆದಿದ್ದರು. ಹನ್ನೆರಡು ಗೆಡ್ಡೆ ಆರಿಸಿದೆ. ಹಾಲಿನಂಥ ಬಿಳುಪು, ಒಂದರ ಪಡಿಯಚ್ಚು ಇನ್ನೊಂದು. ಹಸಿರು ಎಲೆ ಹಾಸಿ ಬುಟ್ಟಿಯಲ್ಲಿ ಜೋಡಿಸಿದಾಗ ನಮ್ಮೆಜಮಾನರೇ, "ದೃಷ್ಟಿ ತೆಗಿಬೇಕು ಕಣೇ" ಅಂದರು. ಬಾಗಿಲಲ್ಲಿ ಒಬ್ಬರು ಬುಟ್ಟಿ ಇಸ್ಕೊಂಡು ಒಳಗೆ ಒಯ್ದರು. ನಾನು ಕಾಫಿ ಕುಡಿದು ಬಂದು ನೋಡಿದರೆ ತರಕಾರಿ ಮೇಜಿನ ಮೇಲೆ ನನ್ನ ಬುಟ್ಟಿ ಇಲ್ಲ!

ಹುಡುಕುತ್ತಾ ಹೋದರೆ ಕೊನೆಯ ಮೇಜಿನ ಸುತ್ತ ಜನವೋ ಜನ. ಮಧ್ಯೆ ನನ್ನ ಬುಟ್ಟಿ. ಮೇಲೆ ಬೋರ್ಡು: 'ಪೋಷಕಾಂಶದ ಕೊರತೆಯಿಂದ ಬರುವ ರೋಗಗಳು.'

ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಯೊಬ್ಬರು ಕೋಲು ಹಿಡಿದು ವಿವರಿಸುತ್ತಿದ್ದರು: "ಗೊಬ್ಬರ ಹಾಕದೆ ಸೋಮಾರಿತನ ಮಾಡಿದರೆ ಗೆಡ್ಡೆ ಹೀಗೆ ಕುಗ್ಗಿ ಹೋಗುತ್ತೆ."

ನನಗೆ ತಡೆಯಲಾಗಲಿಲ್ಲ. "ಸಾರ್, ಎರಡು ಗಾಡಿ ಕೊಟ್ಟಿಗೆ ಗೊಬ್ಬರ ಹಾಕಿದ್ದೀನಿ!"

"ನೀವ್ಯಾರಮ್ಮಾ?"

"ಈ ರೋಗ ಬೆಳೆದೋಳು."

ಜನ ಗೊಳ್ಳೆಂದರು. ಅಧಿಕಾರಿ ಒಂದು ಗೆಡ್ಡೆ ಎತ್ತಿ, ಒತ್ತಿ, ತಿರುಗಿಸಿ ನೋಡಿದರು. ಗಟ್ಟಿ ಹೂವು, ಒಂದು ಚುಕ್ಕಿ ಇಲ್ಲ. ಎಷ್ಟು ಅಂತರ, ಎಷ್ಟು ನೀರು ಅಂತ ನನ್ನನ್ನೇ ಕೇಳಿದರು. ಹೇಳುತ್ತಾ ಹೋದಂತೆ ಕೋಲು ಕೆಳಗಿಟ್ಟು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಆ ಕ್ಷಣ ನನ್ನ ನಾಲ್ಕೂಮುಕ್ಕಾಲು ಅಡಿ ಆರಡಿ ಆಗಿತ್ತು.

ಅವರು ಬೋರ್ಡು ಬಿಚ್ಚಲು ಕೈಯೆತ್ತಿದರು. ಅಷ್ಟರಲ್ಲಿ ಅಜ್ಜಂಪುರದ ಕಡೆಯ, ಈರುಳ್ಳಿ ಬೆಳೆಯುವ ಒಬ್ಬ ಹೆಂಗಸು ಜನರನ್ನು ನೂಕಿಕೊಂಡು ಮುಂದೆ ಬಂದಳು. ಬುಟ್ಟಿ ನೋಡಿದಳು, ಬೋರ್ಡು ಓದಿದಳು, ಅಧಿಕಾರಿಯ ಕೈ ಹಿಡಿದು ನಿಲ್ಲಿಸಿದಳು.

"ಸಾರ್, ತೆಗೀಬ್ಯಾಡಿ, ಬರ್ಕೊತೀನಿ. ಈ ರೋಗ ನಮ್ ಹೊಲಕ್ಕೂ ಬರ್ಬೇಕು ಅಂದ್ರೆ ಏನ್ ಔಷಧಿ ಹೊಡೀಬೇಕು?"