ಇಡ್ಲಿ ತಟ್ಟೆಯಲ್ಲಿ ಎಂಜಿನ್

ಮನೆಯಲ್ಲಿ ಒಂದು ಸ್ಪ್ಯಾನರ್ ಸೆಟ್ ಇದ್ದುಬಿಟ್ಟರೆ ಗಂಡಸಿಗೆ ತಾನು ಅರ್ಧ ಮೆಕ್ಯಾನಿಕ್ ಎಂಬ ಭ್ರಮೆ ಹುಟ್ಟುತ್ತದೆ. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದರೆ ಉಳಿದರ್ಧವೂ ಭರ್ತಿಯಾಗುತ್ತದೆ. ನನಗೆ ಎರಡೂ ಆಗಿತ್ತು. ಆರ್‌ಪಿಸಿ ಲೇಔಟಿನ ನಮ್ಮ ಮನೆ ಮುಂದೆ ಒಂದು ಹಳೆಯ ಗೇರಿನ ಸ್ಕೂಟರ್ ಕೆಟ್ಟು ನಿಂತು, ವರ್ಷಗಳಿಂದ ಬಟ್ಟೆ ಒಣಗಿಸುವ ಸ್ಟ್ಯಾಂಡಾಗಿ ಸೇವೆ ಸಲ್ಲಿಸುತ್ತಿತ್ತು. ಅದು ನನ್ನ ಮಾವನವರದು. ತಾವು ಹಿಂದೆ ಕೂತು, ಮಗಳನ್ನು ಮುಂದೆ ಕೂರಿಸಿ, ಅವರು ಗಾಡಿ ಕಲಿಸಿದ್ದು ಅದರ ಮೇಲೆಯೇ. ಆ ಮಗಳು ಶೈಲಾ, ನನ್ನ ಹೆಂಡತಿ. "ರೀ, ವಿಜಯದಶಮಿಗೆ ಅಪ್ಪ ಊಟಕ್ಕೆ ಬರ್ತಾರಲ್ಲ, ಅವತ್ತು ಅವರನ್ನ ಇದರ ಮೇಲೆ ಕೂರಿಸ್ಕೊಂಡು ಒಂದು ರೌಂಡ್ ಹೋಗ್ಬೇಕು ಅಂತ ಆಸೆ. ಮಂಡಿ ನೋವು ಜಾಸ್ತಿ ಆಗ್ತಿದೆ ಅವರಿಗೆ. ಮುಂದಿನ ವರ್ಷ ಹತ್ತೋಕಾಗುತ್ತೋ ಇಲ್ವೋ," ಎಂದಳು. ನಾನು ಕರಗಿಹೋದೆ. ಕರಗಿದವನು ಮೆಕ್ಯಾನಿಕ್ ಹತ್ತಿರ ಹೋಗಬೇಕಿತ್ತು. ಸ್ಪ್ಯಾನರ್ ಹತ್ತಿರ ಹೋದೆ.

ಬಿಚ್ಚುವುದು ಬಲು ಸುಲಭದ ಕೆಲಸ. ಒಂದೇ ಭಾನುವಾರದಲ್ಲಿ ಎಂಜಿನ್ ನೆಲದ ಮೇಲಿತ್ತು. ಸಣ್ಣಪುಟ್ಟ ಭಾಗಗಳು ಕಲೆಸಿಹೋಗಬಾರದೆಂದು ಅಡುಗೆಮನೆಯಿಂದ ಇಡ್ಲಿ ತಟ್ಟೆಗಳನ್ನು ತಂದು, ಒಂದೊಂದು ಕುಳಿಗೆ ಒಂದೊಂದು ಜಾಗದ ಸ್ಕ್ರೂ, ವಾಷರ್‌ಗಳನ್ನು ಹಾಕಿ ಬಾಲ್ಕನಿಯಲ್ಲಿಟ್ಟೆ. "ನಾನೊಬ್ಬನನ್ನು ಬಿಟ್ಟು ಇದನ್ನು ಯಾರೂ ಮುಟ್ಟಕೂಡದು!" ಎಂದು ಅಪ್ಪಣೆಯನ್ನೂ ಹೊರಡಿಸಿದೆ. ಅಂದಿನಿಂದ ಎರಡು ತಿಂಗಳು ನಮ್ಮ ಮನೆಯಲ್ಲಿ ಬರೀ ಉಪ್ಪಿಟ್ಟು. ಪಕ್ಕದ ಮನೆಯವರು ಇಡ್ಲಿ ಪಾತ್ರೆ ಕೇಳಲು ಬಂದಾಗ ಶೈಲಾ ಬಹಳ ಗಂಭೀರವಾಗಿ, "ಅದು ಎಂಜಿನ್ ಕೆಲಸಕ್ಕೆ ಹೋಗಿದೆ ಆಂಟಿ," ಎಂದಳು.

ಪಿಸ್ಟನ್ ಸವೆದಿತ್ತು. ಅದರ ಫೋಟೋ ತೆಗೆದುಕೊಂಡು ವಿಜಯನಗರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಫೋಟೋ ನೋಡಿ, ನನ್ನನ್ನೂ ನೋಡಿ, "ಸ್ಯಾಂಪಲ್ ತನ್ನಿ ಸಾರ್. ಫೋಟೋ ನೋಡಿ ಹುಡುಗಿ ಒಪ್ಕೋಬೋದು, ಪಿಸ್ಟನ್ ಒಪ್ಕೊಳ್ಳೋಕಾಗಲ್ಲ," ಎಂದರು. ಹಳೆಯ ಪಿಸ್ಟನ್ನನ್ನು ಊಟದ ಚೀಲದಲ್ಲಿ ಹೊತ್ತೊಯ್ದು, ಅದಕ್ಕೆ ತಕ್ಕ ಹಾಗೆ ಹೊಸದನ್ನು ಕೊಂಡೆ. ಸಿಲಿಂಡರಿನೊಳಗೆ ಬಿಟ್ಟರೆ ಅದು ಗಡಗಡ ಅಲ್ಲಾಡಿತು. ಕೊನೆಗೆ ಅಹಂಕಾರವನ್ನು ಮಡಿಸಿಟ್ಟು, ಹೇರೋಹಳ್ಳಿಯಲ್ಲಿ ಲೇತ್ ಇಟ್ಟುಕೊಂಡಿರುವ ಗದಗಿನ ಕಡೆಯ ಈರಣ್ಣನ ಬಳಿಗೆ ಹೋದೆ. ಅವನು ಸಿಲಿಂಡರಿನೊಳಗೆ ಬೆರಳಾಡಿಸಿ, "ಸರ, ಇದೂ ಸವದೈತ್ರಿ. ಒಂದ್ ಸೈಜ್ ದೊಡ್ಡ ಪಿಸ್ಟನ್ ತರ್ರಿ, ಅದಕ್ಕ ತಕ್ಕಂಗ ಇದನ್ನ ಕೊರದ ಕೊಡ್ತೀನಿ. ಆದ್ರ ಮೊದಲ ಎರಡ್ ಸಲ ಕೊರದಾರ, ಇನ್ನ ಕಡೀ ಸೈಜ್ ಒಂದ ಉಳದೈತಿ. ಅದು ಸಿಗಲಿಲ್ಲಂದ್ರ ಮತ್ತ ಬಟ್ಟಿ ಒಣಾ ಹಾಕ್ರಿ," ಎಂದ. ಬಟ್ಟೆಯ ವಿಷಯವನ್ನು ಅವನೆದುರು ಬಾಯಿಬಿಟ್ಟಿದ್ದು ನನ್ನ ತಪ್ಪು.

ಆ ಕಡೇ ಸೈಜಿಗಾಗಿ ನಾನು ಸುತ್ತದ ಅಂಗಡಿಯಿಲ್ಲ. ಎಲ್ಲ ಕಡೆಯೂ "ಈಗ ಬರಲ್ಲ ಸಾರ್" ಎಂಬ ಒಂದೇ ಉತ್ತರ. ದಸರೆ ಹತ್ತಿರವಾದಂತೆ ಶೈಲಾ ಕೇಳುವುದನ್ನೇ ಬಿಟ್ಟಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೇಳದೆ ಇದ್ದದ್ದು ಸಂಕಟವಾಯಿತು. ಕೊನೆಗೆ ರಾಜಾಜಿನಗರದ ಒಂದು ಕಿರಿದಾದ ಅಂಗಡಿಯಲ್ಲಿ, ವಯಸ್ಸಾದ ಅಮ್ಮ ಒಬ್ಬರು ಏಣಿ ಹತ್ತಿ ಒಂದು ಡಬ್ಬಿ ಇಳಿಸಿ ಧೂಳು ಊದಿದರು. "ನಮ್ಮನೆಯವರು ಇದ್ದಾಗ ತರಿಸಿದ್ದು. ಯಾರಾದ್ರೂ ಬಂದೇ ಬರ್ತಾರೆ ಅಂತ ಇಟ್ಟಿದ್ದೆ ಕಣಪ್ಪಾ," ಎಂದರು. ಡಬ್ಬಿಯ ಮೇಲೆ ನನಗೆ ಬೇಕಾದ ನಂಬರೇ ಇತ್ತು. ಅವರ ಕಾಲಿಗೆ ಬೀಳಬೇಕೆನಿಸಿತು, ಏಣಿ ಅಡ್ಡವಿತ್ತು.

ಈರಣ್ಣ ಸಿಲಿಂಡರ್ ಕೊರೆದು ಕೊಟ್ಟಿದ್ದು ಆಯುಧಪೂಜೆಯ ಹಿಂದಿನ ಸಂಜೆ. ಜೋಡಿಸಲು ಅವನೇ ಮನೆಗೆ ಬರುತ್ತೇನೆಂದ, ಆದರೆ ಪೂಜೆಗಿಟ್ಟ ಹತಾರಗಳನ್ನು ದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವುದಿಲ್ಲವಂತೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಚಕ್ರದ ಕೆಳಗೆ ನಿಂಬೆಹಣ್ಣು ಇಡುವವರನ್ನು ಕಂಡರೆ ನಾನು ಸುಮ್ಮನಿರುವವನಲ್ಲ. "ಆ ಹಣ್ಣನ್ನು ಹಿಂಡಿ ಪಾನಕ ಮಾಡಿ ಸ್ವಾಮಿ," ಎಂದು ಬೀದಿಯವರಿಗೆಲ್ಲ ಉಪದೇಶ ಮಾಡಿದ್ದೇನೆ.

ದಶಮಿಯ ಬೆಳಿಗ್ಗೆ ಈರಣ್ಣ ಬಂದು ಹತ್ತು ಗಂಟೆಯೊಳಗೆ ಎಲ್ಲ ಜೋಡಿಸಿದ. ಅಷ್ಟರಲ್ಲಿ ಮಾವನವರೂ ಬಸವೇಶ್ವರನಗರದಿಂದ ಆಟೋದಲ್ಲಿ ಬಂದಿಳಿದು, ಕೋಲೂರಿ ನಿಂತರು. ಈರಣ್ಣ ಕಿಕ್ ಹೊಡೆದ, ನಾನು ಹೊಡೆದೆ, ಶೈಲಾ ಹೊಡೆದಳು. ಎಂಜಿನ್ ಕೆಮ್ಮಲೂ ಇಲ್ಲ. "ಹೋಗ್ಲಿ ಬಿಡಮ್ಮ," ಎಂದರು ಮಾವ. ಶೈಲಾ ಮುಖ ತಿರುಗಿಸಿಕೊಂಡಳು. ಈರಣ್ಣ ಬಿಡಲಿಲ್ಲ. ಕಾರ್ಬುರೇಟರ್ ಬಿಚ್ಚಿ, ಅದರೊಳಗಿಂದ ಪೆಟ್ರೋಲ್ ಹಾಯುವ ಸೂಜಿಮೊನೆಯಷ್ಟು ತೂತಿನ ಹಿತ್ತಾಳೆಯ ಜೆಟ್ಟನ್ನು ತೆಗೆದು ಬೆಳಕಿಗೆ ಹಿಡಿದ. ಬಾಯಿಗಿಟ್ಟು ಜೋರಾಗಿ ಊದಿದ. ಒಂದು ಕೆಂಪು ಹಕ್ಕಳೆ ಹಾರಿ ಬಂತು.

"ಸರ, ಪೆಟ್ರೋಲ್ ಬರೂ ತೂತಿಗೆ ಕುಂಕುಮ ಹಚ್ಚಿದವ್ರು ಯಾರ್ರೀ?"

ಎಲ್ಲರೂ ಶೈಲಾಳನ್ನು ನೋಡಿದರು. ನಾಚಿಕೆಯಿಲ್ಲದೆ ನಾನೂ ನೋಡಿದೆ. ಅವಳು ಶಾಂತವಾಗಿ, "ನಾನು ಬಾಗಿಲಿಗೆ ಮಾತ್ರ ಇಟ್ಟಿದ್ದು. ಆ ಜೆಟ್ಟು ಇಡ್ಲಿ ತಟ್ಟೇಲಿತ್ತು. ಇಡ್ಲಿ ತಟ್ಟೆ ಮುಟ್ಟೋ ಅಧಿಕಾರ ಈ ಮನೇಲಿ ಒಬ್ಬರಿಗೇ ಇರೋದು," ಎಂದಳು.

ನಿಜ. ಹಿಂದಿನ ದಿನ ಅವಳು ಒಬ್ಬಟ್ಟು ತಟ್ಟುತ್ತಿದ್ದಾಗ ನಾನು ಬಾಲ್ಕನಿಗೆ ಹೋಗಿ, ಅರಿಸಿನ ಕುಂಕುಮ ಕಲಸಿ, ಕುಳಿಕುಳಿಗೂ ಭಕ್ತಿಯಿಂದ ಬೊಟ್ಟಿಟ್ಟು ಕೈಮುಗಿದಿದ್ದೆ. ಜೆಟ್ಟು ಬಹಳ ಚಿಕ್ಕದು, ಪಾಪ, ಎಂದು ಅದಕ್ಕೆ ಸ್ವಲ್ಪ ಹೆಚ್ಚಾಗಿಯೇ ಇಟ್ಟಿದ್ದೆ.

ಮಾವನವರು ನಕ್ಕ ರಭಸಕ್ಕೆ ಕೋಲು ಕೆಳಗೆ ಬಿತ್ತು. ತೊಳೆದ ಜೆಟ್ಟನ್ನು ಹಾಕಿ ಎರಡನೇ ಕಿಕ್ಕಿಗೆ ಎಂಜಿನ್ ಹೊಗೆಯುಗುಳಿ ಗುಡುಗಿತು. ಈರಣ್ಣ ತೋಳು ಕೊಟ್ಟು ಮಾವನವರನ್ನು ಹಿಂದಿನ ಸೀಟಿಗೆ ಹತ್ತಿಸಿದ. "ಕ್ಲಚ್ ಪೂರ್ತಿ ಹಿಡಿ ಕಣೇ, ಮೆಲ್ಲಗೆ ಬಿಡು," ಎಂದು ಅವರು ಹಿಂದಿನಿಂದ ಪಾಠ ಶುರುಮಾಡಿದರು. "ಆಯ್ತಪ್ಪಾ," ಎಂದಳು ನನ್ನ ಹೆಂಡತಿ, ಹದಿನೆಂಟು ವರ್ಷದ ಹುಡುಗಿಯ ದನಿಯಲ್ಲಿ. ನನ್ನ ಕಣ್ಣು ತುಂಬಿ ಬಂತು; ಕಾರಣ ಹೊಗೆಯಲ್ಲ. ಸ್ಕೂಟರ್ ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು.

ಅದು ನಿಂತಿದ್ದ ಜಾಗದಲ್ಲಿ, ಮುಂದಿನ ಚಕ್ರವಿದ್ದ ಕಡೆ, ಒಂದು ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿತ್ತು. ಈರಣ್ಣ ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಇಡ್ಲಿ ತಟ್ಟೆ ತೊಳೆಯಲು ಒಳಗೆ ಹೋದೆ.